ರಬ್ಬರ್ ಮೇಷ್ಟ್ರ ನೂರಕ್ಕೆ ನೂರು

ವೈದ್ಯಕೀಯ ಸಲಹಾ ಕಚೇರಿಯ ಆ ಮೇಜಿನ ಮೇಲೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ರಬ್ಬರಿನ ಪುಡಿ. ಬೂದು ಬಣ್ಣದ, ಸಣ್ಣ ಹುಳುಗಳ ಹಾಗೆ ಸುರುಟಿಕೊಂಡ ಪುಡಿ. ಮಾತಿನ ನಡುವೆ ಅದನ್ನು ಉಫ್ ಎಂದು ಊದುವುದು ಅಲ್ಲಿನ ಸಲಹೆಗಾರರ ಅಭ್ಯಾಸ. ಊದುತ್ತಿದ್ದದ್ದು ಎದುರು ಕೂತವರ ಕಡೆಗೆ. ನನ್ನ ಮಡಿಲಲ್ಲಿ ಹತ್ತು ತಿಂಗಳ ಮಗಳು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು. ಅವರು ಊದಿದಾಗಲೆಲ್ಲ ನಾನು ಅವಳ ಮುಷ್ಟಿ ಬಿಡಿಸಿ ನೋಡುತ್ತಿದ್ದೆ. ಅವರ ಬಗ್ಗೆ ನನಗಿರುವ ತಾತ್ಸಾರ ಅಲ್ಲಿಂದಲೇ ಶುರುವಾಯಿತು. ದೊಡ್ಡ ಕಾರಣಗಳು ಆಮೇಲೆ ಬಂದವು.

ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ರಬ್ಬರ್ ಮೇಷ್ಟ್ರು. ಅವರಿಗೂ ಅದು ಗೊತ್ತಿತ್ತು. ಪ್ರೀತಿಯಿಂದ ಇಟ್ಟದ್ದೆಂದೇ ತಿಳಿದಿದ್ದರು. ತಮ್ಮ ಬಗ್ಗೆ ಒಳ್ಳೆಯದನ್ನೇ ತಿಳಿದುಕೊಳ್ಳುವುದರಲ್ಲಿ ಅವರನ್ನು ಮೀರಿಸುವವರು ಆ ಕಟ್ಟಡದಲ್ಲಿರಲಿಲ್ಲ.

ನಮ್ಮ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಆಗಬೇಕೆನ್ನುವವರು ಮೊದಲು ವಿಜ್ಞಾನದಲ್ಲಿ ಪದವಿ ಓದಬೇಕು. ಕೊನೆಯ ವರ್ಷದಲ್ಲಿ ವೈದ್ಯಕೀಯವೋ ದಂತವೈದ್ಯವೋ ಫಿಸಿಯೋಥೆರಪಿಯೋ ನರ್ಸಿಂಗೋ, ಯಾವುದು ಬೇಕೋ ಆ ಕಾಲೇಜುಗಳಿಗೆ ಅರ್ಜಿ ಹಾಕಬೇಕು. ಅರ್ಜಿಯ ಜೊತೆ ಸಲಹಾ ಕಚೇರಿಯ ಶಿಫಾರಸು ಪತ್ರ ಇರಲೇಬೇಕು. ಇಲ್ಲದಿದ್ದರೆ ಆ ಕಾಲೇಜಿನವರು ಲಕೋಟೆಯನ್ನೇ ಒಡೆಯುವುದಿಲ್ಲ. ಒಬ್ಬರಿಗೆ ಒಂದೇ ಸಲ ಪತ್ರ, ಅದೂ ಕೊನೆಯ ವರ್ಷದಲ್ಲಿ ಮಾತ್ರ. ಅದು ತಪ್ಪಿದರೆ ಡಾಕ್ಟರಾಗುವ ಮಾತು ಅಲ್ಲಿಗೇ ಮುಗಿಯಿತು.

ಹೀಗೆ ವರ್ಷಕ್ಕೆ ನೂರಾರು ಮಕ್ಕಳ ಜುಟ್ಟು ಈ ಒಬ್ಬ ಮನುಷ್ಯನ ಕೈಯಲ್ಲಿತ್ತು. ಹತ್ತೊಂಬತ್ತು ವರ್ಷಗಳಿಂದ ಇತ್ತು. ಅದಕ್ಕೆ ಮುಂಚೆ ಅವರು ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಕಪ್ಪೆ ಕೊಯ್ದು ತೋರಿಸುವ ಕೆಲಸದಲ್ಲಿದ್ದರಂತೆ. ಕಪ್ಪೆ ಕೊಯ್ಯುವುದು ನಿಂತ ವರ್ಷ ಕೆಲಸವಿಲ್ಲದೆ ಕೂತಿದ್ದವರನ್ನು ತಂದು ಈ ಕುರ್ಚಿಯಲ್ಲಿ ಕೂರಿಸಿದರು. ಕೋಣೆಯೂ ಹಿಂದೆ ಸತ್ತ ಪ್ರಾಣಿಗಳ ಮಾದರಿ ಇಡುತ್ತಿದ್ದ ಗೋದಾಮೇ. ಕಪಾಟುಗಳನ್ನು ಸಾಗಿಸಿ ಎಷ್ಟು ವರ್ಷವಾದರೂ ಗೋಡೆಗೆ ಫಾರ್ಮಾಲಿನ್ ವಾಸನೆ ಅಂಟಿಕೊಂಡಿತ್ತು. ಮಗುವಿನ ಮೂಗಿಗೆ ಅದು ಒಳ್ಳೆಯದಲ್ಲವೆಂದು ನಾನು ಸೆರಗು ಅಡ್ಡ ಹಿಡಿದೇ ಕೂರುತ್ತಿದ್ದೆ.

ಬಾಗಿಲ ಪಕ್ಕ ಒಂದು ನೀಲಿ ಹಲಗೆ. ಮೇಲೆ ಇಷ್ಟು ದಪ್ಪ ಅಕ್ಷರಗಳಲ್ಲಿ, 'ವೈದ್ಯಕೀಯಕ್ಕೆ ನಮ್ಮಿಂದ ಅರ್ಜಿ ಹಾಕಿ ಪ್ರವೇಶ ಪಡೆದವರು, ಶೇಕಡಾ'. ಕೆಳಗೆ ವರ್ಷಕ್ಕೊಂದು ಸಾಲು. ತೊಂಬತ್ತಮೂರು, ತೊಂಬತ್ತನಾಲ್ಕು, ಕಳೆದ ವರ್ಷ ತೊಂಬತ್ತಾರು. ಪ್ರತಿ ವರ್ಷ ಪೇಂಟರು ಏಣಿ ತಂದು ಬಿಳಿ ಎಣ್ಣೆ ಬಣ್ಣದಲ್ಲಿ ಒಂದು ಸಾಲು ಬರೆದು ಹೋಗುತ್ತಿದ್ದ. ಹೊಸದಾಗಿ ಬಂದವರು ಅದರ ಮುಂದೆ ನಿಂತು ಬಾಯಿ ಬಿಟ್ಟುಕೊಂಡು ಓದುತ್ತಿದ್ದರು. ನಾನೂ ಮೊದಲ ದಿನ ಓದಿದೆ. ಇಷ್ಟು ಜಾಣ ಸಲಹೆಗಾರರು ಸಿಕ್ಕಿದ್ದು ನಮ್ಮ ಪುಣ್ಯ ಎಂದು ನಾದಿನಿಗೆ ಹೇಳಿದೆ ಕೂಡ. ಆ ಮಾತು ನೆನೆಸಿಕೊಂಡರೆ ಇವತ್ತಿಗೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ನಾದಿನಿ ಎಂದರೆ ನನ್ನ ಗಂಡನ ತಂಗಿ. ಅವಳಿಗೆ ಡಾಕ್ಟರ್ ಆಗಬೇಕಿತ್ತು. ಬೇರೇನೂ ಬೇಡ. ಅಂಕಗಳು ಚೆನ್ನಾಗಿದ್ದವು, ಎರಡನೇ ಸೆಮಿಸ್ಟರಿನ ರಸಾಯನಶಾಸ್ತ್ರ ಒಂದನ್ನು ಬಿಟ್ಟು. ಅದರಲ್ಲಿ ಐವತ್ತೊಂದು. ಆ ಸೆಮಿಸ್ಟರಿನಲ್ಲಿ ನಮ್ಮ ಮಾವನವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಮಂಚದ ಪಕ್ಕ ಕೂತು ಪುಸ್ತಕ ಹಿಡಿದವಳು ಇವಳೇ. ಪರೀಕ್ಷೆಗೆ ಹನ್ನೊಂದು ದಿನ ಇದ್ದಾಗ ಅವರು ಹೋದರು.

ಅರ್ಜಿಗೆ ಕೊನೆಯ ದಿನ ಮೂವತ್ತನೇ ತಾರೀಕು. ನಾವು ಆ ಕಚೇರಿಗೆ ಹೋದದ್ದು ಹದಿನೆಂಟಕ್ಕೆ. ನನ್ನ ಗಂಡನಿಗೆ ರಜೆ ಸಿಗಲಿಲ್ಲ, ಹುಡುಗಿ ಒಬ್ಬಳೇ ಹೋದರೆ ಮಾತಿನಲ್ಲಿ ಕಟ್ಟಿಹಾಕುತ್ತಾರೆ ಎಂದು ನಾನೇ ಹೊರಟೆ, ಕಂಕುಳಲ್ಲಿ ಮಗಳು, ಹೆಗಲಲ್ಲಿ ಅವಳ ಚೀಲ.

ಬಾಗಿಲು ತೆರೆದೇ ಇತ್ತು. ನಮಗಿಂತ ಮುಂಚೆ ಒಬ್ಬ ಹುಡುಗಿ ಒಳಗಿದ್ದಳು. ಅವಳ ಮುಂದೆ ಏಳನೇ ನಂಬರಿನ ಫಾರಂ, ಶಿಫಾರಸು ಪತ್ರ ಕೇಳುವ ಅರ್ಜಿ. ಅದರ ಮೊದಲ ಸಾಲು 'ಪ್ರಥಮ ಆಯ್ಕೆ'. ಅದನ್ನು ಪೆನ್ಸಿಲಿನಲ್ಲೇ ತುಂಬಬೇಕು. ಅಂತ ಎಲ್ಲೂ ಬರೆದಿರಲಿಲ್ಲ, ಮೇಜಿನ ಕಾಲಿಗೆ ದಾರ ಬಿಗಿದ ಒಂದು ಪೆನ್ಸಿಲ್ ಇತ್ತು, ಅಷ್ಟೆ. ಮೇಷ್ಟ್ರ ಜೇಬಿನಲ್ಲಿ ಕಾಗದ ಸುತ್ತಿದ ಅರ್ಧ ತುಂಡು ರಬ್ಬರು.

"ನಿನಗೆ ಯಾರೂ ಬೇಡ ಅಂತಿಲ್ಲ ಮಗೂ. ಹತ್ತೊಂಬತ್ತು ವರ್ಷದಲ್ಲಿ ನಾನು ಒಬ್ಬರಿಗೂ ಬೇಡ ಅಂದೋನಲ್ಲ. ಸುಮ್ನೆ ಯೋಚ್ನೆ ಮಾಡು ಅಂತಿದೀನಿ."

"ಯೋಚ್ನೆ ಮಾಡೇ ಬರೆದಿದ್ದು ಸರ್."

"ಅದೇ, ಇನ್ನೊಂದ್ಸಲ ಮಾಡು. ನನ್ನ ಮಗಳನ್ನೇ ತಗೋ. ಹಲ್ಲಿನ ಡಾಕ್ಟ್ರಾಗ್ತೀನಿ ಅಂತ ಹಟ ಹಿಡಿದಿದ್ಲು. ಈಗ ಬ್ಯಾಂಕಲ್ಲಿ ಆಫೀಸರು. ಐದೂವರೆಗೆ ಮನೇಲಿರ್ತಾಳೆ. ಆಸ್ಪತ್ರೆ ಆಡಳಿತ ಅಂತ ಒಳ್ಳೇ ಕೋರ್ಸಿದೆ ಮಗೂ. ಆಸ್ಪತ್ರೆನೂ ಆಯ್ತು, ರಕ್ತ ನೋಡೋ ಹಾಗೂ ಇಲ್ಲ."

ಅವರು 'ಮಗೂ' ಎಂದಾಗಲೆಲ್ಲ ನನ್ನ ಮಗಳು ತನ್ನನ್ನೇ ಕರೆದರೆಂದು ತಿರುಗಿ ನೋಡುತ್ತಿದ್ದಳು. ಹಾಗೆ ಏಳೋ ಎಂಟೋ ಸಲ ತಿರುಗುವಷ್ಟರಲ್ಲಿ ಮೇಷ್ಟ್ರ ಬಲಗೈ ತನ್ನ ಕೆಲಸ ಶುರು ಮಾಡಿತ್ತು. ಬಾಯಿ ಮಗಳ ಬ್ಯಾಂಕಿನ ಕಥೆ ಹೇಳುತ್ತಿತ್ತು, ಕೈ ಉಜ್ಜುತ್ತಿತ್ತು. ಗೀರು ಕೂಡ ಉಳಿಯದ ಹಾಗೆ, ಹಾಲಿನ ಮೇಲಿನ ಕೆನೆ ತೆಗೆದ ಹಾಗೆ, ಬಲು ನಾಜೂಕು. ಕಪ್ಪೆಯ ಚರ್ಮವನ್ನೂ ಹೀಗೇ ಬಿಡಿಸುತ್ತಿದ್ದರೇನೋ. ಉಫ್. ಆಮೇಲೆ ಪೆನ್ಸಿಲನ್ನು ಹುಡುಗಿಯ ಕಡೆಗೇ ಚಾಚಿದರು. "ನೀನೇ ಬರಿ. ನಾನು ಬರೆದ್ರೆ ಚೆನ್ನಾಗಿರಲ್ಲ."

ಡಾಕ್ಟರಾಗಲು ಒಳಗೆ ಹೋದವಳು ಆಸ್ಪತ್ರೆಯ ಆಡಳಿತಗಾರ್ತಿಯಾಗಿ ಹೊರಗೆ ಬಂದಳು. ಬರುವಾಗ "ಥ್ಯಾಂಕ್ಯೂ ಸರ್" ಎಂದೂ ಹೇಳಿದಳು.

ಆ ಹಲಗೆಯ ತೊಂಬತ್ತಾರರ ಗುಟ್ಟು ನನಗೆ ಆಗ ಹೊಳೆಯಿತು. ಸೀಟು ಸಿಗುತ್ತದೋ ಇಲ್ಲವೋ ಎಂದು ಒಂದಿಷ್ಟು ಅನುಮಾನವಿದ್ದರೂ ಸಾಕು, ಅಂಥವರ ಆಯ್ಕೆ ಉಜ್ಜಿಹೋಗುತ್ತಿತ್ತು. ಅವರು ಅರ್ಜಿ ಹಾಕಿದವರ ಪಟ್ಟಿಗೇ ಬರುತ್ತಿರಲಿಲ್ಲ. ನೂರ ನಲವತ್ತು ಜನ ಡಾಕ್ಟರಾಗಲು ಬರುವುದು, ಇಪ್ಪತ್ತು ಇಪ್ಪತ್ತೈದು ಜನ ಉಳಿಯುವುದು, ಆ ಉಳಿದವರೋ ಇವರಿಲ್ಲದಿದ್ದರೂ ಸೀಟು ಗಿಟ್ಟಿಸುವಂಥವರು. ಅದಕ್ಕೆ ಎಣ್ಣೆ ಬಣ್ಣ, ಏಣಿ, ಹಲಗೆ. ಸಲಹೆಯಂತೆ ಸಲಹೆ.

ನಮ್ಮ ಸರದಿ ಬಂತು. ಅವರು ನಾದಿನಿಯ ಅಂಕಪಟ್ಟಿಯನ್ನು ತಿರುವಿ ಐವತ್ತೊಂದರ ಮೇಲೆ ಬೆರಳಿಟ್ಟು "ಹೂಂ" ಎಂದರು. ಅಷ್ಟರಲ್ಲಿ ಡೀನ್ ಕರೆಯುತ್ತಿದ್ದಾರೆ ಎಂದು ಫೋನ್ ಬಂತು.

"ಫಾರಂ ತುಂಬಿಟ್ಟಿರು ಮಗೂ, ಹತ್ತು ನಿಮಿಷ, ಬಂದ್ಬಿಡ್ತೀನಿ" ಎನ್ನುತ್ತಾ ಎದ್ದರು. ನನ್ನ ಮಗಳು ಮತ್ತೆ ತಿರುಗಿ ನೋಡಿದಳು.

ಆಗ ಆದದ್ದನ್ನು ಉದ್ದೇಶಪೂರ್ವಕ ಎಂದು ಆಮೇಲೆ ಮೇಷ್ಟ್ರು ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದರು. ಅಷ್ಟು ಬುದ್ಧಿ ನನಗಿದ್ದಿದ್ದರೆ ಬೇರೆ ಎಲ್ಲೋ ಇರುತ್ತಿದ್ದೆ. ಆದದ್ದಿಷ್ಟೇ. ನಾದಿನಿ ಪೆನ್ಸಿಲಿಗೆ ಕೈ ಹಾಕುವಷ್ಟರಲ್ಲಿ ಮಗಳು ದಾರ ಎಳೆದು ಅದರ ತುದಿಯನ್ನು ಬಾಯಿಗೆ ಹಾಕಿಕೊಂಡಾಗಿತ್ತು. ಸೀಸದ ಕಡ್ಡಿ, ಎಷ್ಟು ಜನ ಮುಟ್ಟಿದ್ದೋ, ನುಂಗಿಬಿಟ್ಟರೆ? ಬಾಯಲ್ಲಿ ಬೆರಳು ಹಾಕಿ ಕಿತ್ತೆ. ಮೊನೆ ಮುರಿದಿತ್ತು. ಮುರಿದ ತುಂಡು ಎಲ್ಲಿ ಎಂದು ನಾನು ನಾಲಿಗೆಯ ಕೆಳಗೆ ಹುಡುಕುತ್ತಿರುವಾಗ ನಾದಿನಿ ಕೇಳಿದಳು.

"ಅತ್ತಿಗೆ, ಬರೆಯೋಕೇನಾದ್ರೂ ಇದೆಯಾ?"

"ಚೀಲದಲ್ಲಿ ನೋಡೇ, ಯಾವುದೋ ಒಂದಿರುತ್ತೆ. ಅಯ್ಯೋ, ಆ ಅಂತ ಬಾಯಿ ತೆಗಿಯೇ ಕಂದ."

ಚೀಲದಲ್ಲಿ ಇದ್ದದ್ದು ಒಂದೇ, ಶಿಶುವಿಹಾರದ ಮಾರ್ಕರ್. ಮಕ್ಕಳ ಬಟ್ಟೆ ಅದಲುಬದಲಾಗದಿರಲಿ ಎಂದು ಅಂಗಿ ಚಡ್ಡಿ ಒರೆಸುಬಟ್ಟೆ ಎಲ್ಲದರ ಮೇಲೂ ಹೆಸರು ಬರೆಯಬೇಕೆಂದು ಅಲ್ಲಿನ ನಿಯಮ. ಎಷ್ಟು ಸಲ ಕುದಿಯುವ ನೀರಿನಲ್ಲಿ ಒಗೆದರೂ ಹೋಗದ ಶಾಯಿ. ನಾದಿನಿ ಅದರಿಂದಲೇ ಪ್ರಥಮ ಆಯ್ಕೆಯ ಸಾಲಿನಲ್ಲಿ 'ವೈದ್ಯಕೀಯ' ಎಂದು ಬರೆದಳು. ಎರಡನೇ ಆಯ್ಕೆಯಲ್ಲೂ 'ವೈದ್ಯಕೀಯ'. ಮೂರನೆಯದರಲ್ಲೂ. ಮುರಿದ ಮೊನೆ ಕೊನೆಗೆ ಮಗಳ ಕತ್ತಿಗೆ ಕಟ್ಟಿದ್ದ ಜೊಲ್ಲುಬಟ್ಟೆಯಲ್ಲಿ ಸಿಕ್ಕಿತು. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಹೊರಗಿನ ಮೇಜಿನಿಂದ ಟಪಾಲಿನ ಅಕ್ಕ ಬಂದರು. ಕಚೇರಿಗೆ ಬಂದ ಕಾಗದಕ್ಕೆಲ್ಲ ಠಸ್ಸೆ ಒತ್ತುವವರು ಅವರು, ಎಲ್ಲರೂ ಅಕ್ಕ ಎಂದೇ ಕರೆಯುವುದು. ಫಾರಂ ಎತ್ತಿ ನೋಡಿದರು, ಮೂಸಿಯೂ ನೋಡಿದರು. ನಮ್ಮಿಬ್ಬರ ಮುಖ ನೋಡಿದರು. ಠಕ್ಕೆಂದು 'ಸ್ವೀಕರಿಸಲಾಗಿದೆ' ಒತ್ತಿ, ಗಂಟೆ ನಿಮಿಷ ಬರೆದು, ದಾಖಲೆ ಪುಸ್ತಕದಲ್ಲಿ ನಂಬರ್ ಏರಿಸಿಬಿಟ್ಟರು. ದಿನವೂ ಮೇಷ್ಟ್ರು ಉಜ್ಜಿ ಮುಗಿಸಿ ಕಳಿಸಿದ ಮೇಲೆ ಒತ್ತುತ್ತಿದ್ದ ಠಸ್ಸೆ ಅದು. ಅವರು ಗೊತ್ತಿದ್ದೇ ಒತ್ತಿದರೋ ಗೊತ್ತಿಲ್ಲದೆಯೋ, ನಾನು ಇವತ್ತಿಗೂ ಕೇಳಿಲ್ಲ.

ಮೇಷ್ಟ್ರು ವಾಪಸು ಬಂದರು, ಕೂತರು, ಫಾರಂ ನೋಡದೆಯೇ ರಬ್ಬರು ತೆಗೆದರು.

"ನಿನಗೆ ಯಾರೂ ಬೇಡ ಅಂತಿಲ್ಲ ಮಗೂ" ಎಂದು ಶುರು ಮಾಡಿ ಉಜ್ಜತೊಡಗಿದರು. ಮಗಳ ಬ್ಯಾಂಕಿನವರೆಗೆ ಕಥೆ ಬಂತು. ಅಕ್ಷರ ಹೋಗಲಿಲ್ಲ. ಬಗ್ಗಿ ನೋಡಿದರು. ರಬ್ಬರಿಗೆ ಉಗುಳು ಹಚ್ಚಿ ಉಜ್ಜಿದರು. ಕಾಗದ ಸವೆಯಿತೇ ಹೊರತು ಶಾಯಿ ಜಗ್ಗಲಿಲ್ಲ. ಉಫ್ ಎಂದರು, ಊದಲು ಪುಡಿಯೇ ಇರಲಿಲ್ಲ.

"ಇದೇನಿದು?"

"ಬಟ್ಟೆ ಮೇಲೆ ಹೆಸರು ಬರೆಯೋ ಶಾಯಿ ಸರ್" ಎಂದೆ. "ಬಿಸಿನೀರಿಗೂ ಹೋಗಲ್ಲ."

"ಪೆನ್ಸಿಲ್ ಇತ್ತಲ್ಲಮ್ಮ ಇಲ್ಲಿ?"

"ಮಗು ಕಚ್ಚಿಬಿಡ್ತು ಸರ್."

ಅವರು ನನ್ನ ಮಗಳನ್ನು ನೋಡಿದ ನೋಟ ನನಗೆ ಮರೆತಿಲ್ಲ. ಹೊಸ ಫಾರಂ ಕೊಡುತ್ತೇನೆ ಎಂದು ಡ್ರಾಯರ್ ಎಳೆದರು. ಟಪಾಲಿನ ಅಕ್ಕ ಬಾಗಿಲಲ್ಲೇ ನಿಂತಿದ್ದರು.

"ಅದು ದಾಖಲಾಗಿದೆ ಸರ್. ರದ್ದು ಮಾಡ್ಬೇಕಂದ್ರೆ ಕಾರಣ ಬರೆದು, ನೀವು ಸಹಿ ಹಾಕಿ, ಡೀನ್ ಹತ್ರ ಕಳಿಸ್ಬೇಕು."

"ನೀವ್ಯಾಕ್ರೀ ಒತ್ತಿದ್ರಿ?"

"ಒತ್ತೋದೇ ನನ್ನ ಕೆಲ್ಸ ಸರ್."

ಮೇಷ್ಟ್ರು ನಾದಿನಿಯ ಕಡೆಗೆ ತಿರುಗಿ ದನಿಗೆ ಜೇನು ಸವರಿಕೊಂಡರು. "ಮಗೂ, ನೀನೇ ಒಂದು ಸಾಲು ಬರೆದುಕೊಡು. ನಾನೇ ಸ್ವ ಇಚ್ಛೆಯಿಂದ ವಾಪಸ್ ತಗೋತಿದೀನಿ ಅಂತ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ರಸಾಯನಶಾಸ್ತ್ರ ನೋಡು, ಐವತ್ತೊಂದು."

ನಾದಿನಿ ತಲೆ ತಗ್ಗಿಸಿದಳು. ಅವಳ ಸ್ವಭಾವವೇ ಹಾಗೆ, ದೊಡ್ಡವರು ಎರಡು ಸಲ ಹೇಳಿದರೆ ಮೂರನೇ ಸಲಕ್ಕೆ ಹೂಂ ಎಂದುಬಿಡುತ್ತಾಳೆ. ನಾನೇ ನಡುವೆ ಬಾಯಿ ಹಾಕಿದೆ.

"ಅವಳು ವಾಪಸ್ ತಗೊಳ್ಳಲ್ಲ ಸರ್. ನಿಮಗೆ ಬೇಡ ಅನ್ಸಿದ್ರೆ ನೀವು ಬರೆದುಕೊಡಿ. ಇವಳಿಗೆ ಪತ್ರ ಕೊಡಲ್ಲ, ಯಾಕಂದ್ರೆ ಹೀಗೆ ಹೀಗೆ ಅಂತ. ನಿಮ್ಮ ಸಹಿ ಹಾಕಿ."

ಅವರ ಕೈ ಪೆನ್ನಿನ ತನಕ ಹೋಯಿತು. ಹತ್ತೊಂಬತ್ತು ವರ್ಷಗಳಲ್ಲಿ ಒಬ್ಬರಿಗೂ ಬೇಡ ಎನ್ನದ ಮನುಷ್ಯ. ಪೆನ್ನಿನ ಟೋಪಿ ತೆಗೆದರು, ಹಾಕಿದರು, ತೆಗೆದರು. ಬರೆಯುವುದಾಗಲಿಲ್ಲ. ಮಕ್ಕಳ ಕೈಯಲ್ಲೇ ಅವರವರ ಆಸೆ ಅಳಿಸಿ ಬರೆಸುವಷ್ಟು ಧೈರ್ಯವಿದ್ದವರಿಗೆ, ತಮ್ಮ ಹೆಸರಿನ ಮೇಲೆ ಒಂದು 'ಇಲ್ಲ' ಬರೆಯುವಷ್ಟು ಇರಲಿಲ್ಲ.

"ನೋಡೋಣ, ಹೋಗಿ" ಎಂದರು.

ಹೊರಗೆ ಬಂದಾಗ ಟಪಾಲಿನ ಅಕ್ಕ ಮಗಳ ಕೆನ್ನೆ ಹಿಂಡಿ, ನೀರು ಕೊಟ್ಟು, ನಮ್ಮನ್ನು ಕೂರಿಸಿಕೊಂಡು ಒಂದು ವಿಷಯ ಹೇಳಿದರು. ಮೇಷ್ಟ್ರ ತಂದೆ ಒಂದು ದವಾಖಾನೆಯಲ್ಲಿ ಕಾಂಪೌಂಡರು. ಒಬ್ಬರಿಗೆ ಒಂದೇ ಸಲ ಎಂಬ ನಿಯಮ ಆಗಿನ್ನೂ ಇರಲಿಲ್ಲ, ಮಗ ಡಾಕ್ಟರಾಗಬೇಕೆಂದು ಮೂರು ಸಲ ಅರ್ಜಿ ಹಾಕಿಸಿದರಂತೆ. ಮೂರನೇ ಸಲ ಆಗಿನ ಸಲಹೆಗಾರ ಇವರ ಕಡತದ ಮೇಲೆ ಕಪ್ಪು ಶಾಯಿಯಲ್ಲಿ 'ಯೋಗ್ಯನಲ್ಲ' ಎಂದು ಬರೆದುಬಿಟ್ಟ. ಆ ಕಡತ ಇವರು ಕೆಲಸಕ್ಕೆ ಸೇರುವಾಗಲೂ ಬಂತು, ಬಡ್ತಿಯ ಸಮಯದಲ್ಲೂ ಬಂತು, ಪ್ರತಿ ಸಲವೂ ಯಾರೋ ಒಬ್ಬರು ತೆರೆದು ಓದಿದರು.

"ಅದಕ್ಕೇ ಪೆನ್ಸಿಲಮ್ಮ. ಯಾವ ಮಗೂ ಮೇಲೂ ಕಪ್ಪು ಚುಕ್ಕೆ ಬೀಳ್ಬಾರ್ದು ಅಂತ. ಅವ್ರು ಅದನ್ನ ದಯೆ ಅಂತ ತಿಳ್ಕೊಂಡಿದಾರೆ."

ಕೇಳಿ ಒಂದು ಗಳಿಗೆ ಅಯ್ಯೋ ಎನಿಸಿತು. ಒಂದೇ ಗಳಿಗೆ. ಯೋಗ್ಯನಲ್ಲ ಎಂದು ಬರೆಸಿಕೊಂಡವನಿಗೆ ಜಗಳವಾಡಲು ಒಂದು ಅಕ್ಷರವಾದರೂ ಇರುತ್ತದೆ. ಇವರು ಉಜ್ಜಿದವರಿಗೆ ಅದೂ ಇಲ್ಲ. ತಾವೇ ಬೇಡವೆಂದುಕೊಂಡೆವು ಎಂದು ಜೀವಮಾನವಿಡೀ ನಂಬಿಕೊಂಡಿರುತ್ತಾರೆ, ಮೇಲೆ ಥ್ಯಾಂಕ್ಯೂ ಬೇರೆ ಹೇಳಿರುತ್ತಾರೆ. ಇಂಥ ದಯೆ ನನ್ನ ಮಗಳ ಹತ್ತಿರ ಸುಳಿಯದಿರಲಿ.

ಹತ್ತು ದಿನ ಸದ್ದಿಲ್ಲ. ನಾದಿನಿ ದಿನಕ್ಕೆ ಮೂರು ಸಲ ಹೋಗಿ ಟಪಾಲಿನ ಅಕ್ಕನ ಮುಖ ನೋಡಿ ಬರುತ್ತಿದ್ದಳು. ಇಪ್ಪತ್ತೊಂಬತ್ತರ ಮಧ್ಯಾಹ್ನ, ಒಂದು ದಿನ ಉಳಿದಿದೆ ಎನ್ನುವಾಗ, ಪತ್ರಕ್ಕೆ ಸಹಿ ಬಿತ್ತು. ಕೊಡುವುದಿಲ್ಲ ಎಂದು ಬರೆಯಲಾಗದೆ ಕೊಟ್ಟ ಪತ್ರ ಅದು.

ಅಲ್ಲಿಂದ ಮೇಷ್ಟ್ರ ವರಸೆಯೇ ಬದಲಾಯಿತು. ನಾದಿನಿ ಈಗ ಅವರ ಪಟ್ಟಿಯಲ್ಲಿದ್ದಳು, ಅಳಿಸುವಂತಿರಲಿಲ್ಲ. ಅವಳು ಬಿದ್ದರೆ ಹಲಗೆಯ ಅಂಕಿಯೂ ಬೀಳುತ್ತದೆ. ಹಾಗಾಗಿ ಆ ಮನುಷ್ಯ ತಮ್ಮ ವೃತ್ತಿಜೀವನದಲ್ಲಿ ಮೊದಲ ಸಲ, ಸಂಬಳ ಯಾವುದಕ್ಕೆ ಬರುತ್ತಿತ್ತೋ ಆ ಕೆಲಸ ಮಾಡಿದರು. ವಾರಕ್ಕೆ ಎರಡು ಸಲ ಕರೆಸಿ ಸಂದರ್ಶನದ ಅಭ್ಯಾಸ ಮಾಡಿಸಿದರು. "ಡಾಕ್ಟರ್ ಯಾಕಾಗ್ಬೇಕು ಹೇಳು" ಎಂದು ಅವರು ಕೇಳಿದ ದಿನ ಇವಳು ಡಯಾಲಿಸಿಸ್ ಮಂಚದ ಕಥೆ ಹೇಳಿದಳಂತೆ.

"ಇದನ್ನ ಮೊದಲೇ ಹೇಳ್ಬಾರ್ದಿತ್ತಾ ಮಗೂ?"

"ನೀವು ಕೇಳ್ಲಿಲ್ಲ ಸರ್."

ಎರಡು ಕಾಲೇಜು ಬೇಡ ಎಂದವು. ಮೂರನೆಯದು ಸಂದರ್ಶನಕ್ಕೆ ಕರೆಯಿತು. ಅಲ್ಲಿ ಒಬ್ಬ ಡಾಕ್ಟರಮ್ಮ ಶಿಫಾರಸು ಪತ್ರ ತಿರುವುತ್ತಾ, "ಈ ಹುಡುಗಿಯ ನಿರ್ಧಾರ ಅಳಿಸಲಾಗದ್ದು ಅಂತ ಬರೆದಿದಾರಲ್ಲ ನಿಮ್ಮ ಸಲಹೆಗಾರರು, ಹಾಗಂದ್ರೇನು?" ಎಂದರಂತೆ. "ನಿಜ ಮೇಡಂ, ಅವರು ಪ್ರಯತ್ನ ಪಟ್ಟಿದ್ರು" ಎಂದಳಂತೆ ನಮ್ಮ ಹುಡುಗಿ. ತಲೆ ತಗ್ಗಿಸುವವಳ ಬಾಯಲ್ಲಿ ಆ ಮಾತು ಹೇಗೆ ಬಂತೋ. ಅವಳ ಹೆಸರು ಕಾಯುವ ಪಟ್ಟಿಗೆ ಹೋಯಿತು.

ಆ ವರ್ಷ ಮೇಷ್ಟ್ರ ಪಟ್ಟಿಯಲ್ಲಿ ಇದ್ದವರು ಇಪ್ಪತ್ತು ಜನ. ಹತ್ತೊಂಬತ್ತು ಜನಕ್ಕೆ ಸೀಟು ಬಂತು. ನಮ್ಮವಳಿಗೂ ಬಂದುಬಿಟ್ಟರೆ ನೂರಕ್ಕೆ ನೂರು. ಹಲಗೆಯಲ್ಲಿ ಎಂದೂ ಬಾರದ ಅಂಕಿ. ಬಾರದಿದ್ದರೆ ತೊಂಬತ್ತೈದು, ಕಳೆದ ವರ್ಷಕ್ಕಿಂತ ಒಂದು ಕಡಿಮೆ. ಯಾರಿಗೂ ಫೋನ್ ಮಾಡದ ಮನುಷ್ಯ ದಿನಾ ಹನ್ನೊಂದು ಗಂಟೆಗೆ ನಮ್ಮ ಮನೆಗೆ ಫೋನ್ ಮಾಡತೊಡಗಿದರು.

"ಏನಮ್ಮ, ಬಂತಾ?"

"ಇಲ್ಲ ಸರ್."

ನನ್ನ ಮಗಳು ಅಷ್ಟು ಹೊತ್ತಿಗೆ ಮಾತು ಕಲಿಯುತ್ತಿದ್ದಳು. ಫೋನ್ ರಿಂಗಾದರೆ ಸಾಕು, ಆಟದ ಡಬ್ಬಿಯನ್ನು ಕಿವಿಗಿಟ್ಟುಕೊಂಡು "ಇಲ್ಲ ಸಾ" ಎನ್ನುತ್ತಿದ್ದಳು.

ಅವರ ವರ್ಷದ ಲೆಕ್ಕ ಮುಗಿಯುವ ದಿನ ಫೋನ್ ಸ್ವಲ್ಪ ತಡವಾಗಿ ಬಂತು. ಆಗಿನ್ನೂ ಹದಿನೈದು ನಿಮಿಷದ ಕೆಳಗೆ ಅಂಚೆಯವನು ಕಾಲೇಜಿನ ಲಕೋಟೆ ಕೊಟ್ಟು ಹೋಗಿದ್ದ. ಪ್ರವೇಶ ನೀಡಲಾಗಿದೆ. ನಾದಿನಿ ಅಣ್ಣನಿಗೆ ಹೇಳಲು ಅವನ ಆಫೀಸಿಗೇ ಓಡಿದ್ದಳು. ನಾನು ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು, ಸುಳ್ಳಾಗಿರಬಹುದೇ, ಬೇರೆಯವರದ್ದಿರಬಹುದೇ ಎಂದು ಐದನೇ ಸಲ ವಿಳಾಸ ಓದುತ್ತಿದ್ದೆ.

"ಏನಮ್ಮ, ಬಂತಾ? ಪೇಂಟ್ರು ಬಂದು ಏಣಿ ಹಾಕಿದಾನೆ. ಇವತ್ತೇ ಬರೆಸ್ಬೇಕು. ನೂರು ಅಂತ ಬರೆದು ನೋಡೋ ಆಸೆ ಕಣಮ್ಮ."

ಥ್ಯಾಂಕ್ಯೂ ಸರ್ ಎಂದು ಹೊರಗೆ ಬಂದ ಆ ಹುಡುಗಿಯ ಮುಖ ನನ್ನ ಕಣ್ಣ ಮುಂದೆ ಬಂತು. ಅವಳು ಈ ನೂರರಲ್ಲಿ ಎಲ್ಲಿ?

"ಇನ್ನೂ ಇಲ್ಲ ಸರ್" ಎಂದೆ.

"ಇಲ್ಲ ಸಾ" ಎಂದಳು ಮಗಳು.

ಮಾರನೇ ದಿನ ನಾದಿನಿ, ನಾನು, ಮಗಳು ಕಾಗದ ತೋರಿಸಲು ಹೋದೆವು. ಹಲಗೆಯ ಮೇಲೆ ತೊಂಬತ್ತೈದು, ಬಣ್ಣ ಇನ್ನೂ ಮಿರಮಿರ ಹೊಳೆಯುತ್ತಿತ್ತು. ಮೇಷ್ಟ್ರು ಕಾಗದ ಓದಿದರು, ಲಕೋಟೆ ತಿರುಗಿಸಿ ಅಂಚೆಯ ಮುದ್ರೆ ಓದಿದರು.

"ನಿನ್ನೆ ಬಂದಿತ್ತಾ ಇದು?"

"ಬಂದಿತ್ತು ಸರ್" ಎಂದೆ.

"ನಾನು ಫೋನ್ ಮಾಡ್ದಾಗ?"

"ಕೈಯಲ್ಲೇ ಇತ್ತು."

ಅವರು ಬೈಯಲಿಲ್ಲ. ಬೈಯಲೂ ಒಂದು ಧೈರ್ಯ ಬೇಕಲ್ಲ. ನಾದಿನಿಗೆ ಕನಿಕರ ಬಂದು, "ಮತ್ತೆ ಬರೆಸಿಬಿಡಿ ಸರ್" ಎಂದಳು.

"ಎಣ್ಣೆ ಬಣ್ಣ ಮಗೂ" ಎಂದರು. "ಹೋಗಲ್ಲ ಅದು. ಅಂಕಿನೂ ಡೀನ್‌ಗೆ ಕಳಿಸಾಯ್ತು."

ಮೆಟ್ಟಿಲಿಳಿಯುವಾಗ ನಾದಿನಿ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಅತ್ತಿಗೆ, ಇದು ಅನ್ಯಾಯ."

"ಹೂಂ."

"ಕೊನೇಲಿ ನನಗೆ ಕಲಿಸಿದ್ದೂ ಅವ್ರೇ."

"ನಾಳೆ ನೀನೇ ಸ್ವೀಟ್ ತಗೊಂಡು ಹೋಗಿ ಕೊಟ್ಟು ಬಾ. ನಾನು ಬರಲ್ಲ."

ಅಷ್ಟು ಹೇಳಿ ತಿರುಗಿ ನೋಡಿದೆ. ಕಾರಿಡಾರಿನ ಕೊನೆಯಲ್ಲಿ ಮೇಷ್ಟ್ರು ಹಲಗೆಯ ಮುಂದೆ ನಿಂತು ಹೆಬ್ಬೆರಳಿನ ಉಗುರಿನಿಂದ ಐದರ ಅಂಚನ್ನು ಕೆರೆಯುತ್ತಿದ್ದರು. ಟಪಾಲಿನ ಅಕ್ಕ ಪಕ್ಕದ ಮೇಜಿನಲ್ಲಿ ತಲೆ ಎತ್ತದೆ ಠಸ್ಸೆ ಒತ್ತುತ್ತಿದ್ದರು.